ಮೂರು ದಿನದ ಪಥ್ಯ

ಒಗ್ಗರಣೆ ಬೀಳದ ಸಾರಿಗೆ ಅದರದೇ ಒಂದು ವಾಸನೆ ಇರುತ್ತದೆ. ಬೆಂದ ಬೇಳೆ, ಉಪ್ಪು, ಚೂರು ಹುಣಸೆ, ಅಷ್ಟೇ. ಅದರ ಜೊತೆಗೆ ಬಾಡಿದ ಬೇವಿನ ಸೊಪ್ಪಿನ ಕಹಿಯೂ ಸೇರಿದರೆ ನನಗೆ ಪಾಳ್ಯದ ನಮ್ಮ ತವರುಮನೆಯ ನಡುಮನೆ ಕಣ್ಣಿಗೆ ಕಟ್ಟುತ್ತದೆ. ಕಿಟಕಿಗೆ ಅಪ್ಪನ ಹಳೆಯ ಪಂಚೆ ಇಳಿಬಿಟ್ಟಿದ್ದರು. ಚಾಪೆಯ ಮೇಲೆ ಮೈತುಂಬ ಗುಳ್ಳೆ ಎದ್ದು ನಾನು ಮಲಗಿದ್ದೆ. ನಮ್ಮ ಕಡೆ ಆಗ ಅದಕ್ಕೆ ಸೀತಾಳೆ ಸಿಡುಬು ಎಂದು ಕೂಡ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಅಮ್ಮ ಬಂದ ಮನೆಯಲ್ಲಿ ಸಾಸಿವೆ ಚಟಪಟ ಎನ್ನಬಾರದು, ಅವಳಿಗೆ ಸಿಟ್ಟು ಬರುತ್ತದೆ ಎಂದು ಅವ್ವ ಒಗ್ಗರಣೆ ಸೌಟನ್ನು ತೊಳೆದು ಅಟ್ಟಕ್ಕೆ ಹಾಕಿದ್ದಳು. ನಮ್ಮ ಊರಿನ ಹತ್ತಿರದಲ್ಲಿ ಬೇವಿನ ಮರ ಇರಲಿಲ್ಲ. ಅಪ್ಪ ಆಲೂರಿಗೆ ಹೋಗಿ ಅಲ್ಲಿ ಯಾರದೋ ಮನೆಯ ಹಿತ್ತಲಿನಿಂದ ಹೊರೆ ಸೊಪ್ಪು ತರುತ್ತಿದ್ದರು.

ಅಕ್ಕ ಇಂದ್ರಮ್ಮ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳು ನಡುಮನೆಗೆ ಕಾಲಿಡಬಾರದು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಅವ್ವ ಗದ್ದೆಗೆ ಹೋದದ್ದೇ ತಡ, ಅಕ್ಕ ಬಂದು ಪಂಚೆಯ ಮರೆಯಲ್ಲಿ ಕೂರುತ್ತಿದ್ದಳು.

"ಎಲ್ಲಿ ಕಡೀತೈತೆ?"

"ಬೆನ್ನು."

"ಉಗುರು ತಾಗಿಸ್ಬಾರ್ದಂತೆ. ಸೊಪ್ಪಲ್ಲಿ ಸವರ್ತೀನಿ, ಅಲ್ಲಾಡ್ಬೇಡ. ಅವ್ವಂಗೆ ಹೇಳೀಯಾ, ಹುಷಾರ್!"

ಎಲೆಯ ಅಂಚು ಬೆನ್ನಿನ ಮೇಲೆ ಹೋಗಿ ಬಂದು ಮಾಡುತ್ತಿದ್ದರೆ ನನಗೆ ಹಾಗೇ ನಿದ್ದೆ ಬರುತ್ತಿತ್ತು. ನಾನು ಬೇವಿನ ನೀರಿನ ಸ್ನಾನ ಮಾಡಿ ಎದ್ದ ಮೇಲೆ ಅದೇ ಚಾಪೆಯ ಮೇಲೆ ಅಕ್ಕ ಮಲಗಿದಳು. ನನಗಿಂತ ಅವಳಿಗೆ ಜೋರಾಗಿ ಆಯಿತು. ಬಲ ಹುಬ್ಬಿನ ಮೇಲೆ ಒಂದು ಕಲೆ ಉಳಿಯಿತು, ಬೆರಳ ತುದಿ ಇಟ್ಟರೆ ಗೊತ್ತಾಗುವಷ್ಟು ಗುಳಿ. ಅವಳ ಮದುವೆಯಲ್ಲಿ ಆ ಗುಳಿಯನ್ನು ಮುಚ್ಚಲು ಬೈತಲೆ ಬೊಟ್ಟನ್ನು ಓರೆಯಾಗಿ ಕಟ್ಟಿದ್ದು ನನಗಿನ್ನೂ ನೆನಪಿದೆ.

ಆಮೇಲೆ ನಾನು ಹಾಸನದಲ್ಲಿ ಬಿ.ಎಸ್ಸಿ. ಓದಿ, ಆಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿ, ಅಲ್ಲೇ ನಿವೃತ್ತಳಾದೆ. ಅಕ್ಕ ಬೆಳಗೋಡಿನ ಕಡೆ ಸೇರಿದಳು. ಅಲ್ಲಿ ಸ್ವಲ್ಪ ಕಾಫಿ, ಕೆಳಗಡೆ ಗದ್ದೆ. ಅವಳ ಅತ್ತೆಗೆ ಸರ್ಪಸುತ್ತಿಗೆ ಬರೆಯುವುದು ಗೊತ್ತಿತ್ತು. ಸೊಂಟದ ಮೇಲೋ ಪಕ್ಕೆಯ ಮೇಲೋ ಬೆಂಕಿ ತಾಗಿದ ಹಾಗೆ ಗುಳ್ಳೆಗಳು ಸಾಲಾಗಿ ಏಳುತ್ತವಲ್ಲ, ಅದು. ಸುತ್ತಿಕೊಳ್ಳುವ ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆ. ಅವು ಕೂಡದಂತೆ ಕೆಮ್ಮಣ್ಣು ಕಲಸಿ, ಗರಿಕೆಯ ದಂಟಿನಲ್ಲಿ ಅದ್ದಿ, ಗುಳ್ಳೆಗಳ ಸುತ್ತ ಹಾವಿನ ಚಿತ್ರ ಬರೆಯಬೇಕು, ತಲೆ ಬೇರೆ ದಿಕ್ಕಿಗೆ ತಿರುಗಿರುವ ಹಾಗೆ. ಅತ್ತೆ ತೀರಿಕೊಂಡ ಮೇಲೆ ಅದು ಅಕ್ಕನ ಕೈಗೆ ಬಂತು. ಯಾರಿಂದಲೂ ಎಲೆ ಅಡಿಕೆಯ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಬರೆಸಿಕೊಂಡವರಿಗೆ ಪಥ್ಯ ಇತ್ತು. ಮೂರು ದಿನ ಮನೆಯಲ್ಲಿ ಒಗ್ಗರಣೆ ಕೂಡದು, ಸೂಜಿ ಚುಚ್ಚಿಸಬಾರದು, ಇಂಗ್ಲಿಷ್ ಮಾತ್ರೆ ಗಂಟಲಿಗೆ ಇಳಿಯಬಾರದು. ಬರೆದವಳೂ ಸುಮ್ಮನಿರುತ್ತಿರಲಿಲ್ಲ. ಆ ಮೂರು ದಿನವೂ ಅವರ ಮನೆಗೆ ನಡೆದುಕೊಂಡು ಹೋಗಿ, ಹೆಂಗೈತೆ, ನಿದ್ದೆ ಬಂತಾ ಎಂದು ವಿಚಾರಿಸಿ, ಒಗ್ಗರಣೆಯಿಲ್ಲದ ಸಾರು, ಗಂಜಿ ಕೊಟ್ಟು ಬರುತ್ತಿದ್ದಳು. ಗುಳ್ಳೆಗಳು ಒಣಗುತ್ತಿದ್ದವು. ಅವು ತಾವಾಗಿಯೂ ಒಣಗುತ್ತವೆ ಎಂದು ನನಗೆ ಗೊತ್ತಿತ್ತು. ಆದರೆ ಮಣ್ಣಿನಿಂದ ಕೆಡುಕೇನು, ಗಂಜಿ ಕೊಡುವವರಾದರೂ ಯಾರಿದ್ದಾರೆ ಎಂದು ನಾನು ಅದರ ಬಗ್ಗೆ ಮಾತೆತ್ತುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಪತ್ರಿಕೆಯಲ್ಲಿ ಓದಿದ್ದೆ, ಸರ್ಪಸುತ್ತಿಗೂ ಲಸಿಕೆ ಬಂದಿದೆ, ಐವತ್ತು ದಾಟಿದವರು ಹಾಕಿಸಿಕೊಳ್ಳಬಹುದು ಎಂದು. ಅಕ್ಕನಿಗೆ ಹೇಳಿದೆ.

"ಅಕ್ಕ, ಇಬ್ರೂ ಹೋಗಿ ಹಾಕಿಸ್ಕೊಂಡು ಬರೋಣ."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಊರಿಗೆಲ್ಲ ಹಾವು ಓಡ್ಸೋಳಿಗೆ ಹಾವಿನ ಇಂಜೆಕ್ಷನ್ನಾ? ಜನ ಏನಂತಾರೆ ರತ್ನಿ? ನೀನ್ ಹಾಕಿಸ್ಕೋ. ಮೇಡಂ ನೀನು, ನಿಂಗೆ ಒಪ್ತದೆ."

ಒಬ್ಬಳೇ ಹೋಗುವುದಕ್ಕೆ ನನಗೂ ಮನಸ್ಸಾಗಲಿಲ್ಲ. ಇಬ್ಬರೂ ಹೋಗೋಣ, ಇನ್ನೊಂದು ಸಲ ಹೇಳಿ ನೋಡೋಣ ಎಂದು ಮುಂದಕ್ಕೆ ಹಾಕುತ್ತ ಬಂದೆ. ಅದು ಮುಂದಕ್ಕೇ ಹೋಯಿತು.

ಹೋದ ವರ್ಷ ರೊಬಸ್ಟಾ ಕಾಫಿ ಕೊಯ್ಲಿನ ಸಮಯ. ಆಳುಗಳಿಗೆ ಅಡುಗೆ, ಕಣದ ಮೇಲುಸ್ತುವಾರಿ ಎಂದು ಅಕ್ಕ ಬಹಳ ದಣಿದಿದ್ದಳು. ಫೋನಿನಲ್ಲಿ ಮಾತಾಡಿದಾಗಲೆಲ್ಲ ತಲೆನೋವು ಎನ್ನುತ್ತಿದ್ದಳು. ಭಾನುವಾರ ಬರುತ್ತೇನೆ ಎಂದರೆ, "ಬ್ಯಾಡ ಕಣೆ, ಕೊಯ್ಲೈತೆ, ನಿಂಗೆ ಕೂರಕ್ಕೂ ಜಾಗ ಇಲ್ಲ" ಎಂದಳು. ಅಕ್ಕ ನನ್ನನ್ನು ಬರಬೇಡ ಎಂದದ್ದು ಅದೇ ಮೊದಲು. ನಾನು ಭಾನುವಾರ ಬೆಳಗಿನ ಬಸ್ಸು ಹತ್ತಿ ಹೋದೆ.

ಕಣದಲ್ಲಿ ಭೂತಯ್ಯ ಕಾಫಿ ಹರವುತ್ತಿದ್ದ. ಅವನು ಅಕ್ಕನ ತೋಟದಲ್ಲೇ ಮುದುಕನಾದವನು. ಒಂದು ಕೈಯಲ್ಲಿ ಗೋರಿನ ಕೋಲು ಹಿಡಿದು, ಇನ್ನೊಂದು ಕೈಯಲ್ಲಿ ಅಂಗಿಯನ್ನು ಎಡ ಪಕ್ಕೆಯಿಂದ ಚೂರು ಎಳೆದು ಹಿಡಿದುಕೊಂಡೇ ನಡೆಯುವುದು ಅವನ ಅಭ್ಯಾಸ. ಆಳುಮಕ್ಕಳು ಅವನ ಹಿಂದೆ ಹಾಗೇ ಅಂಗಿ ಎಳೆದುಕೊಂಡು ನಡೆದು ಅಣಕಿಸುತ್ತಿದ್ದರು. ಅವನೂ ನಗುತ್ತಿದ್ದ. ಅವತ್ತು ನನ್ನನ್ನು ನೋಡಿ ನಗಲಿಲ್ಲ. "ಬಂದ್ರಾ ಮೇಡಮ್ಮಾರೆ" ಎಂದು ತಲೆ ತಗ್ಗಿಸಿದ.

ಅಡುಗೆಮನೆಯ ಹೊಸಿಲು ದಾಟಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬೇಳೆ, ಉಪ್ಪು, ಹುಣಸೆ. ಸಾಸಿವೆ ಇಲ್ಲ, ಇಂಗಿಲ್ಲ, ಬೆಳ್ಳುಳ್ಳಿ ಇಲ್ಲ. ಅರವತ್ತು ವರ್ಷದ ಹಿಂದಿನ ಪಂಚೆಯ ಮರೆ ಒಮ್ಮೆಲೇ ಎದುರಿಗೆ ಬಂದು ನಿಂತ ಹಾಗಾಯಿತು.

"ಯಾರಿಗಕ್ಕ ಅಮ್ಮ ಆಗಿರೋದು?"

ಅಕ್ಕ ಒಲೆಯ ಕಡೆಯಿಂದ ತಿರುಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದಿದ್ದಳು. "ಬರ್ಬ್ಯಾಡ ಅಂದ್ರೂ ಬಂದ್ಬುಟ್ಯಾ?"

ನಾನು ಸೆರಗು ಸರಿಸಿದೆ. ಬಲಗಡೆ ಹಣೆ ತುಂಬ ಕೆಮ್ಮಣ್ಣು ಒಣಗಿ ಬಿರಿದಿತ್ತು. ಬಿರುಕಿನ ನಡುವೆ ಗುಳ್ಳೆಗಳು, ಹುಬ್ಬಿನ ಮೇಲೆ ಆ ಹಳೆಯ ಗುಳಿಯ ಜಾಗದಲ್ಲೇ ದಟ್ಟವಾಗಿ. ರೆಪ್ಪೆ ಊದಿ ಕಣ್ಣು ಮುಚ್ಚಿಕೊಂಡಿತ್ತು. ಮೂಗಿನ ತುದಿಯಲ್ಲೂ ಒಂದು ಗುಳ್ಳೆ.

"ಯಾರಕ್ಕ ಬರೆದಿದ್ದು ಇದನ್ನ?"

"ಭೂತಯ್ಯ. ಇನ್ಯಾರವ್ರೆ? ನಂಗೆ ನಾನೇ ಬರ್ಕೊಳಂಗಿಲ್ಲ. ಅವನಿಗೆ ಒಂದ್ಸಲ ಬರೆಸ್ಕೊಂಡು ಗೊತ್ತಲ್ಲ. ಕೈ ನಡುಗುಸ್ಕೊಂಡು ಬರ್ದ ಮಾರಾಯ್ತಿ. ಹಾವು ಹೋಗಿ ಎರೆಹುಳ ಆಗ್ಬುಟ್ಟೈತೆ ಕಣೋ ಅಂತ ನಗಾಡ್ದೆ."

"ಏಳಕ್ಕ. ಡಾಕ್ಟರ ಹತ್ರ ಹೋಗೋಣ."

"ಇವತ್ತು ಸಂಜೆಗೆ ಬರೆದು ಮೂರು ದಿನ ತುಂಬ್ತದೆ. ನಾಳೆ ಹೋಗಣ."

"ಇದು ಕಣ್ಣು ಕಣಕ್ಕ! ಪಕ್ಕೆ ಅಲ್ಲ, ಸೊಂಟ ಅಲ್ಲ. ಕಣ್ಣು ಹೋದ್ರೆ?"

"ಗೊತ್ತು ಕಣೆ, ನಂಗೂ ಹೆದ್ರಿಕೆ ಐತೆ." ಅವಳ ದನಿ ಸಣ್ಣದಾಯಿತು. "ಏಟು ಜನಕ್ಕೆ ಹೇಳಿದೀನಿ, ಮೂರು ದಿನ ಮಾತ್ರೆ ಮುಟ್ಬ್ಯಾಡಿ ಅಂತ. ಉರೀಲಿ ಹೊರಳಾಡ್ತಾ ಇದ್ರೂ ಮುಟ್ಲಿಲ್ಲ ಅವ್ರು, ನನ್ ಮಾತಿಗೆ. ನಂಗೆ ಬಂದ ತಕ್ಷಣ ಓಡೋಗಿ ನುಂಗ್ಬುಟ್ರೆ ಆ ಜನದ ಮುಖ ಹೆಂಗ್ ನೋಡ್ಲಿ?"

ಅವಳ ಹಟ ನನಗೆ ಗೊತ್ತು. "ಆಯ್ತು, ನಿನ್ನ ಪಥ್ಯ ಮುರೀಬೇಡ. ಮಾತ್ರೆ ಬೇಡ. ಕಣ್ಣು ತೋರಿಸ್ಕೊಂಡು ಬರೋಣ, ಅಷ್ಟೇ" ಎಂದೆ. ಪಕ್ಕದ ತೋಟದ ಲೋಹಿತ್‌ಗೆ ಫೋನ್ ಮಾಡಿದೆ. ಅವನು ಕೇಳಿದ್ದೇ ತಡ, ಊಟದ ತಟ್ಟೆಯಿಂದ ಎದ್ದು ಓಮ್ನಿ ತಂದ. ಮಧ್ಯಾಹ್ನದ ಬಿಸಿಲು ಅಕ್ಕ ಕೂತ ಕಡೆಯ ಗಾಜಿಗೇ ಹೊಡೆಯುತ್ತಿತ್ತು. ಅವಳು ಮುಖ ಹಿಂಡಿದಳು. ಭೂತಯ್ಯ ಹತ್ತಿರ ಬಂದು, ಹೆಗಲ ಮೇಲಿನ ಟವೆಲ್ ತೆಗೆದು ಆ ಗಾಜಿಗೆ ಸಿಕ್ಕಿಸಿ, ನೆರಳು ಸರಿಯಾಗಿ ಬಿತ್ತೇ ಎಂದು ಒಳಗೆ ಬಗ್ಗಿ ನೋಡಿ, ಹಿಂದೆ ಸರಿದು ನಿಂತ. ನಾವು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದ.

ಸಕಲೇಶಪುರದಲ್ಲಿ ನಮ್ಮನ್ನು ನೋಡಿದವಳು ನವ್ಯಶ್ರೀ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಮಣ್ಣು ನೋಡಿ ಬೈಯುತ್ತಾಳೆ ಎಂದು ಅಕ್ಕ ಮುದುಡಿ ಕೂತಿದ್ದಳು. ಅವಳು ಬೈಯಲಿಲ್ಲ. ಬಿಸಿನೀರು ತರಿಸಿ, ಹತ್ತಿ ಅದ್ದಿ, ಮಣ್ಣು ತಾನಾಗಿ ನೆನೆದು ಬಿಡುವವರೆಗೂ ಕಾದು, ಒಂದೊಂದೇ ಪದರ ಒರೆಸಿದಳು. ಕಿವಿಯ ಹತ್ತಿರ ಹಾವಿನ ಬಾಲ ಉಳಿದಿತ್ತು.

"ಇಲ್ಲಿ ಗುಳ್ಳೆ ಇಲ್ಲ ಅಜ್ಜಿ. ಇದು ಇರ್ಲಿ ಬಿಡಿ" ಎಂದಳು.

ಅಕ್ಕನ ಭುಜ ಸಡಿಲವಾದದ್ದು ನನಗೆ ಕಾಣಿಸಿತು.

ಡಾಕ್ಟರು ಮೂಗಿನ ತುದಿಯ ಗುಳ್ಳೆಯನ್ನು ಬಹಳ ಹೊತ್ತು ನೋಡಿದಳು. "ಮೂಗಿನ ತುದಿಗೂ ಕಣ್ಣಿಗೂ ಒಂದೇ ನರ ಹೋಗುತ್ತೆ. ಇಲ್ಲಿ ಬಂದಿದೆ ಅಂದ್ರೆ ಕಣ್ಣೊಳಗೂ ಇಳಿದಿರಬಹುದು. ಇವತ್ತೇ ಹಾಸನಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ, ಚೀಟಿ ಬರ್ಕೊಡ್ತೀನಿ. ಅಜ್ಜಿ, ಚಿಕ್ಕೋರಿದ್ದಾಗ ನಿಮಗೆ ಅಮ್ಮ ಆಗಿತ್ತಾ?"

"ಆಗಿತ್ತು. ಇವಳಿಂದ್ಲೇ ಬಂದಿದ್ದು."

"ಅದೇ ವೈರಸ್ ಅಜ್ಜಿ ಇದು, ಹೊಸದಲ್ಲ. ಗುಳ್ಳೆ ಒಣಗಿದ್ರೂ ಅದು ಮೈ ಬಿಟ್ಟು ಹೋಗಿರಲ್ಲ. ನರದ ಬುಡದಲ್ಲಿ ಮಲಗಿರುತ್ತೆ. ವಯಸ್ಸಾಗಿ, ದಣಿದು, ಮೈಯ ಕಾವಲು ಸ್ವಲ್ಪ ಸಡಿಲ ಆದಾಗ ಏಳುತ್ತೆ. ಅದೇ ನರದ ದಾರಿ ಹಿಡಿದು ಮೇಲಕ್ಕೆ ಬರುತ್ತೆ."

ಅಕ್ಕ ಒಂದೇ ಕಣ್ಣಲ್ಲಿ ನನ್ನ ಕಡೆ ನೋಡಿದಳು. "ನೀನ್ ಕೊಟ್ಟಿದ್ದು ಕಣೆ. ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದೀನಿ ನೋಡು."

ತಮಾಷೆಗೇ ಹೇಳಿದ್ದು. ನನಗೆ ನಗು ಬರಲಿಲ್ಲ. ಇದನ್ನೆಲ್ಲ ನಾನು ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ಪಾಠ ಮಾಡಿದವಳೇ. ಆದರೆ ಪಂಚೆಯ ಮರೆಯಲ್ಲಿ ಕೂತು ಬೆನ್ನು ಸವರಿದ ಹುಡುಗಿಯ ಹಣೆಯೊಳಗೆ ಅದು ಹೊಕ್ಕು, ಅವಳ ಮದುವೆ, ಬಾಣಂತನ, ಭಾವನ ಸಾವು ಎಲ್ಲದರ ಉದ್ದಕ್ಕೂ ಅಲ್ಲೇ ಮಲಗಿತ್ತು ಎಂದು ಯಾವತ್ತೂ ಯೋಚಿಸಿರಲಿಲ್ಲ.

"ಯಾವತ್ತು ಗುಳ್ಳೆ ಕಾಣಿಸ್ತು?" ಡಾಕ್ಟರು ಕೇಳಿದಳು.

"ಬುಧವಾರ. ಬರೆಸ್ಕೊಂಡಿದ್ದು ಗುರುವಾರ."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಇದಕ್ಕೆ ಒಳ್ಳೆ ಮಾತ್ರೆ ಇದೆ ಅಜ್ಜಿ. ವೈರಸ್ ಹೆಚ್ಚಾಗದ ಹಾಗೆ ತಡೆಯುತ್ತೆ. ಆದ್ರೆ ಗುಳ್ಳೆ ಬಿದ್ದ ಮೊದಲ ಮೂರು ದಿನದೊಳಗೆ ಶುರು ಮಾಡಿದ್ರೇನೇ ಅದು ಚೆನ್ನಾಗಿ ಕೆಲಸ ಮಾಡೋದು. ಈಗ ತಡ ಆಗಿದೆ. ಕಣ್ಣಿನ ವಿಷಯ ಆದ್ರಿಂದ ಕೊಡಲೇಬೇಕು, ಕೊಡ್ತೀನಿ."

"ಯಾವ ಮೂರು ದಿನ?"

"ಮೊದಲ ಮೂರು ದಿನ."

ಅಕ್ಕ ಮತ್ತೆ ಕೇಳಿದಳು. "ನಾವು ಪಥ್ಯ ಮಾಡ್ತೀವಲ್ಲ, ಆ ಮೂರು ದಿನಾನೇ?"

ನವ್ಯಶ್ರೀಗೆ ಪಥ್ಯದ ವಿಷಯ ಗೊತ್ತಿರಲಿಲ್ಲ. ನಾನು ಎರಡು ಮಾತಿನಲ್ಲಿ ಹೇಳಿದೆ. ಅವಳು ಅಕ್ಕನ ಮುಖ ನೋಡಿ, ಏನು ಹೇಳಿದರೆ ಕಡಿಮೆ ನೋಯುತ್ತದೆ ಎಂದು ಹುಡುಕಿದ ಹಾಗಿತ್ತು. "ನಿಮಗೆ ಗೊತ್ತಿರ್ಲಿಲ್ಲ ಅಜ್ಜಿ. ಮಾತ್ರೆ ತಗೊಂಡ್ರೂ ಕೆಲವರಿಗೆ ನರದ ಉರಿ ಉಳಿದುಬಿಡುತ್ತೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಬಟ್ಟೆ ಸೋಕಿದ್ರೂ ತಡೆಯಕ್ಕಾಗಲ್ಲ ಅಂತಾರೆ."

"ಬಟ್ಟೆ ಸೋಕಿದ್ರೆ" ಎಂದಳು ಅಕ್ಕ. ಸಂಜೆಯಾಗಲು ಇನ್ನೂ ಹೊತ್ತಿತ್ತು, ಪಥ್ಯ ಮುಗಿದಿರಲಿಲ್ಲ. ಅವಳೇ ಕೈ ಚಾಚಿ ಮಾತ್ರೆ ಇಸಿದುಕೊಂಡು ನೀರು ಕೇಳಿದಳು.

ಹಾಸನದ ಕಣ್ಣಿನ ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ತಿಂಗಳುಗಟ್ಟಲೆ ಅಕ್ಕನನ್ನು ಕರೆದುಕೊಂಡು ಓಡಾಡಿದೆ. ಲೋಹಿತ್ ಒಂದು ಸಲವೂ ಬೇರೆ ಕೆಲಸವಿದೆ ಎನ್ನಲಿಲ್ಲ. ಗುಳ್ಳೆ ಒಣಗಿತು, ಊತ ಇಳಿಯಿತು. ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿಯ ಮೋಡದಂಥ ಕಲೆ ಉಳಿಯಿತು. ಕೊನೆಗೆ ಡಾಕ್ಟರು ಬಲಗಣ್ಣಿನ ಎದುರು ಕೈ ಆಡಿಸಿ, "ಏನು ಕಾಣುತ್ತಮ್ಮ?" ಎಂದಾಗ ಅಕ್ಕ, "ಯಾರೋ ಅವ್ರೆ ಅಂತ ಗೊತ್ತಾಯ್ತದೆ. ಯಾರು ಅಂತ ಗೊತ್ತಾಗಲ್ಲ" ಎಂದಳು. ಇನ್ನು ಅದು ಅಷ್ಟೇ ಎಂದು ಅವರು ಹೇಳಿದರು.

ಬರುವಾಗ ಸಕಲೇಶಪುರಕ್ಕೆ ಹೋಗಿ ನವ್ಯಶ್ರೀಯನ್ನು ಕಂಡೆವು. ನಾನು ಲಸಿಕೆಯ ವಿಷಯ ಎತ್ತಿದೆ. ನನ್ನಂಥವರು ಹಾಕಿಸಿಕೊಳ್ಳುವುದು ಒಳ್ಳೆಯದೇ ಎಂದಳು. ಅವಳಿಗೆ ಓದುವ ಹುಚ್ಚು ಇದ್ದಂತಿತ್ತು, ಉತ್ಸಾಹದಿಂದ ಹೇಳಿದಳು. "ವೇಲ್ಸ್ ಅಂತ ಒಂದು ಸಣ್ಣ ದೇಶ ಇದೆ ಮೇಡಂ. ಅಲ್ಲಿ ಈ ಕಾಯಿಲೆಗೆ ಹಳೇ ನಮೂನೆಯ ಲಸಿಕೆ ಕೊಡೋವಾಗ ಒಂದು ತಾರೀಖು ಗೊತ್ತುಮಾಡಿದ್ರು. ಅದಾದ ಮೇಲೆ ಹುಟ್ಟಿದೋರಿಗೆ ಕೊಟ್ರು, ಅದಕ್ಕಿಂತ ಮೊದಲು ಹುಟ್ಟಿದೋರಿಗೆ ಇಲ್ಲ. ವಾರದ ಅಂತರದಲ್ಲಿ ಹುಟ್ಟಿದೋರಿಗೆ ಬೇರೆ ವ್ಯತ್ಯಾಸ ಏನಿರುತ್ತೆ? ಅವರನ್ನ ವರ್ಷಗಟ್ಟಲೆ ಗಮನಿಸಿ ನೋಡಿದ್ರೆ, ಲಸಿಕೆ ತಗೊಂಡೋರಲ್ಲಿ ಮರೆವಿನ ಕಾಯಿಲೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಆಗಿತ್ತಂತೆ. ಯಾಕೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ."

"ಅಂದ್ರೆ ಆ ಇಂಜೆಕ್ಷನ್ ತಗೊಂಡ್ರೆ ಮರೆಯಲ್ವಾ?" ಎಂದಳು ಅಕ್ಕ.

"ಮರೆವು ಕಡಿಮೆ ಆಗಬಹುದು ಅಜ್ಜಿ. ನೀವೂ ಇನ್ನು ಸ್ವಲ್ಪ ದಿನ ಬಿಟ್ಟು ಹಾಕಿಸ್ಕೋಬಹುದು."

"ನಂಗೆ ಬ್ಯಾಡವ್ವ. ಮರೆಯೋ ಇಂಜೆಕ್ಷನ್ ಏನಾದ್ರೂ ಬಂದ್ರೆ ಹೇಳು, ಓಡಿ ಬರ್ತೀನಿ."

ಡಾಕ್ಟರು ನಕ್ಕಳು. ನಾನು ಅಕ್ಕನ ಕೈ ಹಿಡಿದುಕೊಂಡೆ. ಹಾಸನದಿಂದ ಬರುವ ದಾರಿಯುದ್ದಕ್ಕೂ ಅವಳು ಹೆಸರುಗಳನ್ನು ಹೇಳುತ್ತ ಬಂದಿದ್ದಳು, ತನಗೇ ಎಂಬಂತೆ. ಇವನಿಗೆ ಪಕ್ಕೆಯಲ್ಲಿ ಬರೆದಿದ್ದೆ, ಇವಳಿಗೆ ಕತ್ತಿನಲ್ಲಿ, ಪಾಪ ಆ ದಾಸಯ್ಯನಿಗೆ ತೊಡೆಯಲ್ಲಿ. ಅವರಿಗೆಲ್ಲ ಏನಾಯ್ತೋ, ಕೇಳಲೇ ಇಲ್ಲವಲ್ಲ, ಮೂರು ದಿನ ಕೇಳಿ ಸುಮ್ಮನಾಗಿಬಿಟ್ಟೆನಲ್ಲ ಎಂದು.

ನನ್ನ ತೋಳಿಗೆ ಆ ವಾರವೇ ಲಸಿಕೆ ಬಿತ್ತು. ಎರಡು ದಿನ ತೋಳು ನೋವು, ಸ್ವಲ್ಪ ಮೈಬಿಸಿ. ಅಷ್ಟೇ. ಇಷ್ಟು ಸುಲಭವಾಗಿತ್ತೇ ಎಂದು ಆ ನೋವಿನಲ್ಲೇ ಮಲಗಿ ಅತ್ತೆ.

ಆಮೇಲೆ ಒಮ್ಮೆ ನಾನು ಅಕ್ಕನ ಮನೆಯಲ್ಲಿದ್ದಾಗ ಗಂಗಾಮಣಿ ಎಂಬ ನೆರೆಯ ಹೆಂಗಸು ಸೊಂಟ ಹಿಡಿದುಕೊಂಡು ಬಂದಳು. ನಿನ್ನೆಯಿಂದ ಗುಳ್ಳೆ, ಬರೆದುಕೊಡಿ ಎಂದಳು. ಅಕ್ಕ ಎದ್ದೇಬಿಟ್ಟಳು.

"ಮೊದ್ಲು ಡಾಕ್ಟರ ಹತ್ರ ನಡಿ. ಲೋಹಿತ್ ಕರ್ಕೊಂಡೋಗ್ತಾನೆ."

"ಪಥ್ಯ ಕೆಡಲ್ವಾ ಅಕ್ಕ?"

"ಕೆಡ್ಲಿ! ಮಾತ್ರೆ ನುಂಗ್ಬುಟ್ಟು ಬಾ. ಬೇಕಾದ್ರೆ ಹಾವೇನು, ಆನೆನೇ ಬರ್ಕೊಡ್ತೀನಿ."

ಗಂಗಾಮಣಿ ನಗುತ್ತಲೇ ಹೋದಳು, ಸಂಜೆ ವಾಪಸು ಬಂದು ಬರೆಸಿಕೊಂಡೂ ಹೋದಳು. ಅಕ್ಕ ಬರೆದಳು. ದಂಟಿನ ತುದಿ ಚರ್ಮಕ್ಕೆ ಯಾವಾಗ ತಾಗುತ್ತದೆ ಎಂದು ಒಂದೇ ಕಣ್ಣಿನಲ್ಲಿ ಅವಳಿಗೆ ಅಂದಾಜು ಸಿಗುತ್ತಿರಲಿಲ್ಲ. ಎಡಗೈಯ ಬೆರಳು ಊರಿಕೊಂಡು, ಬೆರಳಿನ ಪಕ್ಕದಲ್ಲೇ ಗೆರೆ ಎಳೆದಳು.

ಭೂತಯ್ಯ ಮಾತ್ರ ಮನೆಯ ಹತ್ತಿರ ಬರುವುದನ್ನು ಬಿಟ್ಟಿದ್ದ. ತೋಟದ ಆ ತುದಿಯಲ್ಲಿ ಕೆಲಸ ಹಿಡಿಯುತ್ತಿದ್ದ. ಮಧ್ಯಾಹ್ನದ ಊಟಕ್ಕೂ ಬಾರದೆ ಕೆಳಗಿನ ಗದ್ದೆಯ ದಾರಿಯಲ್ಲಿ ಮನೆಗೆ ಹೋಗುತ್ತಿದ್ದ. ಅಕ್ಕ ಹೇಳಿಕಳಿಸಿದಾಗಲೆಲ್ಲ ಏನೋ ನೆಪ ಹೇಳುತ್ತಿದ್ದ. ಕೊನೆಗೆ ಒಂದು ಭಾನುವಾರ ನಾನೇ ತೋಟಕ್ಕೆ ಇಳಿದು, "ಬಾ ಭೂತಯ್ಯ, ಅಕ್ಕ ಕಾಯ್ತಾ ಇದ್ದಾಳೆ" ಎಂದು ಕರೆದುಕೊಂಡು ಬಂದೆ. ದಾರಿಯಲ್ಲಿ ಅವನು ನನ್ನ ಮುಂದೆ ನಡೆದ, ಅಂಗಿಯನ್ನು ಎಡಗೈಯಲ್ಲಿ ಎಳೆದು ಹಿಡಿದುಕೊಂಡು. ಅವನ ಹಿಂದೆ ನಡೆಯುತ್ತ ನಾನು ಆ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದೆ.

ಅವನು ಜಗಲಿಯ ಕೆಳಮೆಟ್ಟಿಲಿನ ಮೇಲೆ ಕೂತ. ಅಕ್ಕ ಕಂಬಕ್ಕೆ ಒರಗಿ ನಿಂತಳು.

"ಭೂತಯ್ಯ, ನಿನ್ ಪಕ್ಕೆ ಹೆಂಗೈತೆ?"

"ಅದು ಆವತ್ತೇ ವಾಸಿ ಆಯ್ತಲ್ಲ ಅಮ್ಮಾರೆ."

"ಮತ್ಯಾಕೆ ಅಂಗಿ ಹಿಡ್ಕೊಂಡು ಓಡಾಡ್ತೀಯ?"

ಅವನು ಕೈ ಬಿಟ್ಟ. ಅಂಗಿ ಪಕ್ಕೆಗೆ ತಾಗಿದ್ದೇ ತಡ, ಅವನ ಮುಖ ಒಂದು ಕ್ಷಣ ಕಿವುಚಿಕೊಂಡಿತು. ಮತ್ತೆ ಹಿಡಿದುಕೊಂಡ.

"ಅಭ್ಯಾಸ."

"ಸುಳ್ಳು ಹೇಳ್ಬ್ಯಾಡ ಕಣೋ. ಈಗ ನಂಗೂ ಗೊತ್ತೈತೆ. ನನ್ ಹಣೆ ಮ್ಯಾಲೆ ಸೆರಗು ಸೋಕಿದ್ರೆ ಕೆಂಡ ಇಟ್ಟಂಗಾಯ್ತದೆ. ನಿಂಗೂ ಹಂಗೇ ಅಲ್ವಾ?"

ಭೂತಯ್ಯ ಅಂಗಳದ ಮಣ್ಣು ನೋಡಿದ. "ಚಳಿಗಾಲ್ದಲ್ಲಿ ಜಾಸ್ತಿ. ಕಂಬಳಿ ಹೊದಿಯಕ್ಕಾಗಲ್ಲ."

"ಏಟು ವರ್ಷ ಆಯ್ತೋ?"

"ನಮ್ ಶಿವು ಇಸ್ಕೂಲ್ಗೆ ಹೋಗ್ತಿದ್ದ ಆವಾಗ."

ಶಿವು ಅವನ ಮಗ. ಶಿವುಗೇ ಈಗ ಇಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ. ಅಕ್ಕ ಕಂಬವನ್ನು ಹಿಡಿದುಕೊಂಡಳು.

"ನಂಗ್ಯಾಕೋ ಹೇಳ್ಲಿಲ್ಲ ಇದ್ನ?"

"ಹೆಂಗ್ ಹೇಳ್ಲಿ? ಆ ಮೂರು ದಿನ ನೀವೇ ಆಳುಗಳ ಲೈನ್ ಮನೆಗೆ ಬಂದ್ರಿ, ಗಂಜಿ ಹೊತ್ಕೊಂಡು. ನಮ್ಮಂತೋರ ಮನೆ ಬಾಗ್ಲಾಗೆ ಕೂತು ಹೆಂಗೈತೆ ಭೂತಯ್ಯ ಅಂತ ಕೇಳಿದ್ರಿ. ಇನ್ನೂ ಉರೀತೈತೆ ಅನ್ನಕ್ಕೆ ಬಾಯಿ ಬರ್ಲಿಲ್ಲ. ವಾಸಿ ಆಯ್ತು ಅಂದೆ. ನಿಮ್ ಮುಖ ಏಟು ಅರಳ್ತು ಗೊತ್ತಾ? ಆಮೇಲೆ ಏನ್ ಹೇಳಾದು."

"ಹೇಳಿದ್ದಿದ್ರೆ ನಾನು ಇನ್ನೊಬ್ರಿಗೆ ಆ ಪಥ್ಯ ಹೇಳ್ತಿರ್ಲಿಲ್ವೇನೋ."

"ಅದೇ ಅಮ್ಮಾರೆ. ನಿಮ್ ಹಣೆ ಮ್ಯಾಲೆ ಬರೆಯೋವಾಗ ಬಾಯಿಗೆ ಬಂದಿತ್ತು. ಬ್ಯಾಡ ಅಮ್ಮಾರೆ, ಆಸ್ಪತ್ರೆಗೆ ಹೋಗಿ, ನಂಗೆ ಇದ್ರಿಂದ ಏನೂ ಆಗ್ಲಿಲ್ಲ ಅನ್ನಣ ಅಂತ. ಅದಕ್ಕೇ ಕೈ ನಡುಗಿದ್ದು. ಅಷ್ಟೊತ್ತಿಗೆ ಎರೆಹುಳ ಬರ್ದಿದೀಯ ಅಂತ ನಗಾಡ್ಬುಟ್ರಿ. ನಾನೂ ನಕ್ಬುಟ್ಟೆ."

ಕಣದ ಅಂಚಿನಲ್ಲಿ ಎರಡು ಗುಬ್ಬಿ ಕಾಳು ಹುಡುಕುತ್ತಿದ್ದವು. ಇವರಿಬ್ಬರಲ್ಲಿ ಯಾರು ಯಾರಿಗೆ ಕೆಟ್ಟದ್ದು ಮಾಡಿದರು ಎಂದು ನಾನು ಹುಡುಕಿದೆ, ಸಿಗಲಿಲ್ಲ. ಅವಳು ಗಂಜಿ ತಂದದ್ದು ತಪ್ಪಲ್ಲ. ಅವಳ ಮುಖ ಬಾಡದಿರಲಿ ಎಂದು ಇವನು ಉರಿಯನ್ನು ನುಂಗಿಕೊಂಡದ್ದೂ ತಪ್ಪಲ್ಲ. ಪಂಚೆಯ ಮರೆಗೆ ಬಂದು ಬೆನ್ನು ಸವರಿದ್ದು ತಪ್ಪೇ? ಆದರೂ ಒಂದು ಕಣ್ಣು ಹೋಯಿತು, ಒಂದು ಪಕ್ಕೆ ಇಷ್ಟು ವರ್ಷ ಉರಿಯಿತು. ಯಾರಾದರೂ ಒಬ್ಬರು ಸ್ವಲ್ಪ ಒರಟಾಗಿ ನಿಜ ಹೇಳಿದ್ದರೆ ಆಗುತ್ತಿತ್ತು. ಆ ಒಬ್ಬರಲ್ಲಿ ನಾನೂ ಇದ್ದೆ.

"ನವ್ಯಶ್ರೀ ಡಾಕ್ಟರ್ನ ಕೇಳಿದೀನಿ" ಎಂದೆ. "ಆ ಉರಿಗೂ ಮಾತ್ರೆ ಇದೆಯಂತೆ ಭೂತಯ್ಯ. ಪೂರ್ತಿ ಹೋಗದೇ ಇರಬಹುದು, ನಿದ್ದೆ ಬರೋ ಅಷ್ಟಾದ್ರೂ ಕಡಿಮೆ ಆಗುತ್ತೆ. ನಾಳೆ ಇಬ್ರನ್ನೂ ಕರ್ಕೊಂಡು ಹೋಗ್ತೀನಿ."

ಅವನು ತಲೆ ಆಡಿಸಿದ. ಹೊರಡಲು ಎದ್ದ.

"ಕೂತ್ಕೋ" ಎಂದಳು ಅಕ್ಕ.

ಅವಳು ಒಳಗೆ ಹೋದಳು. ನಾನು ಹಿಂದೆ ಹೋಗಲು ಎದ್ದವಳು, ಏನೋ ಅನ್ನಿಸಿ ಅಲ್ಲೇ ನಿಂತೆ. ಒಲೆ ಹಚ್ಚಿದ ಸದ್ದು. ಸ್ವಲ್ಪ ಹೊತ್ತಿಗೆ ಎಣ್ಣೆಯಲ್ಲಿ ಸಾಸಿವೆ ಸಿಡಿಯಿತು, ಕರಿಬೇವು ಬಿತ್ತು, ಬೆಳ್ಳುಳ್ಳಿಯ ಘಮ ಜಗಲಿಗೆ ಬಂತು. ಅವನು ಮೂಗು ಎತ್ತಿ ಕಣ್ಣು ಒರೆಸಿಕೊಂಡ.

ಅಕ್ಕ ತಟ್ಟೆ ಹಿಡಿದು ಬಂದಳು. ಎರಡು ಕಡುಬು, ಪಕ್ಕದಲ್ಲಿ ಹುರುಳಿ ಸಾರಿನ ಬಟ್ಟಲು, ಮೇಲೆ ತೇಲುವ ಒಗ್ಗರಣೆ. ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂದು ಕಾಲಿನಲ್ಲೇ ತಡಕಿ ನಿಂತು, ತಟ್ಟೆಯನ್ನು ಮುಂದೆ ಚಾಚಿದಳು. ಅಂದಾಜು ತಪ್ಪಿತ್ತು. ಅವನು ಕೂತಿದ್ದ ಜಾಗಕ್ಕಿಂತ ಒಂದು ಗೇಣು ಆಚೆ, ಗಾಳಿಯಲ್ಲಿ ಚಾಚಿದ್ದಳು.

ಭೂತಯ್ಯ "ಇಲ್ಲಿದೀನಿ ಅಮ್ಮಾರೆ" ಎ‌ನ್ನಲಿಲ್ಲ. ಅಂಗಿ ಬಿಟ್ಟು, ತಾನೇ ಆಚೆ ಸರಿದು, ಎರಡೂ ಕೈಗಳನ್ನು ತಟ್ಟೆಯ ಕೆಳಗೆ ಒಡ್ಡಿದ.